ಸ್ಥಳದ ಹಾಜರಿಯೂ ವ್ಯಾಪಾರವೂ

ತರಗತಿಯಲ್ಲಿ ಉಪಾಧ್ಯಾಯರು ಹೆಸರು ಕರೆದಾಗ ವಿದ್ಯಾರ್ಥಿಯು ‘ಹಾಜರ್’ ಎನ್ನುವ ರೂಢಿ ನಮಗೆಲ್ಲ ಪರಿಚಿತವಾದುದು. ಅರಬ್ಬೀ ಮೂಲದ ಈ ಮಾತು ಕಚೇರಿಗಳಲ್ಲಿ ಬಳಕೆಯಾಗಿ ನಮ್ಮ ಶಾಲೆಗಳಲ್ಲಿಯೂ ನೆಲೆಸಿತು. ಕರೆಯುವವರು ಯಾರು, ಬರೆದುಕೊಳ್ಳುವವರು ಯಾರು, ಆ ಪುಸ್ತಕವು ಎಲ್ಲಿರುತ್ತದೆ ಎಂಬುದು ಅಲ್ಲಿ ಚಿಕ್ಕ ಹುಡುಗನಿಗೂ ತಿಳಿದಿರುತ್ತದೆ. ಆದರೆ ಯಾರೂ ಕರೆಯದೆಯೇ, ತಾನು ಹೊಕ್ಕ ಅಂಗಡಿಯ ಅಥವಾ ಉಪಾಹಾರಗೃಹದ ಹೆಸರನ್ನು ಮೊಬೈಲಿನಲ್ಲಿ ಒತ್ತಿ, ‘ನಾನು ಇಲ್ಲಿದ್ದೇನೆ’ ಎಂದು ಗೆಳೆಯರಿಗೆ ಸಾರುವ ಬೇರೊಂದು ಬಗೆಯ ಹಾಜರಿಯು ಈ ಶತಮಾನದಲ್ಲಿ ಹುಟ್ಟಿಕೊಂಡಿತು. ಇದಕ್ಕೆ ‘ಚೆಕ್-ಇನ್’ ಎಂದು ಹೆಸರು. ಇದರಿಂದ ವ್ಯಾಪಾರಕ್ಕೆ ಒದಗಿದ ಪ್ರಯೋಜನವನ್ನೂ, ಇದರಲ್ಲಿ ವಹಿಸಬೇಕಾದ ಎಚ್ಚರವನ್ನೂ ಕಿಂಚಿತ್ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ತಾವು ಕಳುಹಿಸುವ ಸಂಕೇತಗಳಲ್ಲಿ ಕಾಲವನ್ನು ನಮೂದಿಸಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲಪಿದ ಕಾಲವನ್ನು ಗಣಿಸಿ, ಮೊಬೈಲು ತಾನಿರುವ ಎಡೆಯನ್ನು ಬಯಲಿನಲ್ಲಾದರೆ ಕೆಲವೇ ಮೀಟರುಗಳ ಅಂತರದಲ್ಲಿ ಗುರುತಿಸಬಲ್ಲದು. ಆಗ ಆ್ಯಪ್ ಆಸುಪಾಸಿನ ಸ್ಥಳಗಳ ಪಟ್ಟಿಯನ್ನು ತೋರಿಸುತ್ತದೆ; ಬಳಕೆದಾರನು ತಾನಿರುವ ಸ್ಥಳವನ್ನು ಆರಿಸಿಕೊಳ್ಳುತ್ತಾನೆ.

ಈ ಕಲ್ಪನೆಗೆ ಮೊದಲು ರೂಪ ಕೊಟ್ಟವರಲ್ಲಿ ನ್ಯೂಯಾರ್ಕಿನ ಡೆನ್ನಿಸ್ ಕ್ರೌಲಿ ಪ್ರಮುಖರು. ಅವರೂ ಅಲೆಕ್ಸ್ ರೈನರ್ಟರೂ ಕಟ್ಟಿದ ‘ಡಾಡ್ಜ್‌ಬಾಲ್’ ಸೇವೆಯನ್ನು 2005ರಲ್ಲಿ ಗೂಗಲ್ ಕೊಂಡು, 2009ರಲ್ಲಿ ಮುಚ್ಚಿತು. ಅದೇ ವರ್ಷದ ಮಾರ್ಚಿಯಲ್ಲಿ ಕ್ರೌಲಿಯವರು ನವೀನ್ ಸೆಲ್ವದುರೈ ಅವರೊಡಗೂಡಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ‘ಫೋರ್‌ಸ್ಕ್ವೇರ್’ ಎಂಬುದನ್ನು ಪ್ರಕಟಪಡಿಸಿದರು. ಹಿಂದಿನ 60 ದಿನಗಳಲ್ಲಿ ಒಂದು ಸ್ಥಳಕ್ಕೆ ಅತ್ಯಧಿಕ ದಿನ ಬಂದು ಹಾಜರಿ ಕೊಟ್ಟವನಿಗೆ ಆ ಸ್ಥಳದ ‘ಮೇಯರ್’ ಎಂಬ ಬಿರುದು ದೊರೆಯುತ್ತಿತ್ತು. ಬಿರುದಿಗೆ ಬೆಲೆಯಿಲ್ಲದಿದ್ದರೂ ಅದರ ಆಸೆ ಜನರನ್ನು ಸೆಳೆಯಿತು.

ವರ್ತಕರು ಇದರ ಮರ್ಮವನ್ನು ಬೇಗನೆ ಅರಿತರು. ಊರಿನ ಸಣ್ಣ ಅಂಗಡಿಯವನು ವಾಡಿಕೆಯ ಗಿರಾಕಿಯನ್ನು ಮುಖ ನೋಡಿಯೇ ಗುರುತಿಸುತ್ತಾನೆ. ಸಾವಿರಾರು ಮಳಿಗೆಗಳುಳ್ಳ ಸಂಸ್ಥೆಗೆ ಆ ಕಣ್ಣಿಲ್ಲ. ಚೆಕ್-ಇನ್ ಆ ಕಣ್ಣನ್ನು ಒದಗಿಸಿತು. 2010ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆಯು ಅಮೆರಿಕದ ತನ್ನ ಮಳಿಗೆಗಳ ‘ಮೇಯರ್’ಗಳಿಗೆ ಒಂದು ಪಾನೀಯದ ಮೇಲೆ ಒಂದು ಡಾಲರ್ ರಿಯಾಯಿತಿ ಕೊಟ್ಟಿತು. ಇದಲ್ಲದೆ, ಗಿರಾಕಿಯು ಗೆಳೆಯರಿಗೆ ತಿಳಿಸಿದ ಹಾಜರಿಯು ಅಂಗಡಿಗೆ ಖರ್ಚಿಲ್ಲದ ಪ್ರಚಾರವೂ ಆಯಿತು.

ಆದರೆ ವಿನೋದದ ಕಾವು ಬಹುಕಾಲ ಉಳಿಯಲಿಲ್ಲ. ಸ್ಪರ್ಧಿಯಾಗಿದ್ದ ‘ಗೊವಾಲಾ’ 2012ರಲ್ಲಿ ಮುಚ್ಚಿತು. ಫೋರ್‌ಸ್ಕ್ವೇರ್ 2014ರಲ್ಲಿ ಚೆಕ್-ಇನ್ನನ್ನು ‘ಸ್ವಾರ್ಮ್’ ಎಂಬ ಪ್ರತ್ಯೇಕ ಆ್ಯಪಿಗೆ ವರ್ಗಾಯಿಸಿತು; ಅದರ ನಗರ ಮಾರ್ಗದರ್ಶಿ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಬಿರುದುಗಳು ಮಾಸಿದರೂ ಹಾಜರಿ ಪುಸ್ತಕ ಮಾತ್ರ ಉಳಿಯಿತು. ನಿಜವಾದ ಬೆಲೆ ಅದಕ್ಕೇ ಇತ್ತು. 2016ರ ಮೊದಲ ಮೂರು ತಿಂಗಳಲ್ಲಿ ‘ಚಿಪೋಟ್ಲೆ’ ಎಂಬ ಅಮೆರಿಕದ ಉಪಾಹಾರ ಸಂಸ್ಥೆಯ ಹಳೆಯ ಮಳಿಗೆಗಳ ಮಾರಾಟ ಸುಮಾರು ಶೇಕಡಾ 30ರಷ್ಟು ಕುಸಿಯುವುದೆಂದು ಫೋರ್‌ಸ್ಕ್ವೇರ್ ಜನರ ಓಡಾಟವನ್ನು ಗಣಿಸಿಯೇ ಮುಂದಾಗಿ ಹೇಳಿತು. ಬಳಿಕ ಚಿಪೋಟ್ಲೆ ಪ್ರಕಟಿಸಿದ ಅಂಕಿ ಶೇಕಡಾ 29.7. ಗುಂಡಿ ಒತ್ತಿದವರ ಹಾಜರಿಯಷ್ಟೇ ಅಲ್ಲ, ಅನುಮತಿ ಕೊಟ್ಟು ಮರೆತವರ ಮೊಬೈಲುಗಳು ತಾವಾಗಿ ಕೊಟ್ಟ ಹಾಜರಿಯೂ ಇಂಥ ಗಣನೆಗೆ ಸೇರುತ್ತದೆಂಬುದು ಗಮನಾರ್ಹ.

‘ಇಲ್ಲಿದ್ದೇನೆ’ ಎಂಬ ಮಾತಿನಲ್ಲಿ ‘ಮನೆಯಲ್ಲಿಲ್ಲ’ ಎಂಬ ಅರ್ಥವೂ ಅಡಗಿದೆ. ಇಂಥ ಪ್ರಕಟಣೆಗಳನ್ನು ಒಂದೆಡೆ ಕೂಡಿಸಿ ತೋರಿಸಿದ ‘ಪ್ಲೀಸ್ ರಾಬ್ ಮಿ’ ಎಂಬ ತಾಣವು 2010ರಲ್ಲಿಯೇ ಈ ಅಪಾಯವನ್ನು ಮನಗಾಣಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಆಯಿತು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವರ್ತಕರು ಅನೇಕರಿದ್ದಾರೆ. ಶರಣರ ದೃಷ್ಟಿಯಲ್ಲಿ ಸತ್ಯಶುದ್ಧವಾದ ವ್ಯಾಪಾರವೂ ಕಾಯಕವೇ. ಅವರು ಈ ಸಾಧನವನ್ನು ಧಾರಾಳವಾಗಿ ಬಳಸಲಿ. ಆದರೆ ಏತಕ್ಕಾಗಿ ಕೇಳುತ್ತಿರುವೆವೆಂದು ಗಿರಾಕಿಗೆ ಮೊದಲೇ ತಿಳಿಸಲಿ, ಬೇಕಾದುದಕ್ಕಿಂತ ಹೆಚ್ಚನ್ನು ಬರೆದಿಟ್ಟುಕೊಳ್ಳದಿರಲಿ. ಉಪಾಧ್ಯಾಯ ಬಂಧುಗಳು, ನಿತ್ಯ ಹಾಜರಿ ಕರೆಯುವಾಗ ಒಂದು ದಿನವಾದರೂ, ಮೊಬೈಲಿನಲ್ಲಿ ತಾವು ಯಾರಿಗೆ ಹಾಜರಿ ಕೊಡುತ್ತಿದ್ದೇವೆಂಬುದನ್ನು ನೋಡಿಕೊಳ್ಳುವಂತೆ ಮಕ್ಕಳಿಗೆ ಹೇಳಬೇಕೆಂದು ನನ್ನ ವಿನಮ್ರ ಪ್ರಾರ್ಥನೆ.