ಬೋರಿವಲಿಯ ಬೆಟ್ಟ ಕುಡಿದಿಟ್ಟ ಮಳೆ

ಬುದ್ಧನನ್ನು ನೋಡಲೆಂದು ಹೋದವನು ನಾನು. ನೋಡಿ ಬಂದದ್ದು ಒಂದು ಯಂತ್ರವನ್ನು!

ಚಕ್ರವಿಲ್ಲ, ಹಲ್ಲುಗಾಲಿಯಿಲ್ಲ, ಎಣ್ಣೆ ಬೇಡ, ಕರೆಂಟು ಬೇಡ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಶುರುವಾದದ್ದು ಪ್ರತಿ ಜೂನ್‌ನಲ್ಲೂ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಇದಿರುವುದು ಯಾವುದೋ ಕಾಡುಮೂಲೆಯಲ್ಲಲ್ಲ, ಮುಂಬಯಿಯ ಒಡಲಲ್ಲೇ. ಬೋರಿವಲಿ ಪೂರ್ವಕ್ಕೆ ಇಳಿದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದಾಟಿ, ಕಾಡಿನೊಳಗೆ ಆರೇಳು ಕಿಲೋಮೀಟರ್ ಹೋದರೆ ಕನ್ಹೇರಿ. ಕೃಷ್ಣಗಿರಿ, ಅಂದರೆ ಕರಿಬೆಟ್ಟ, ಎಂಬುದು ನಾಲಿಗೆಯಿಂದ ನಾಲಿಗೆಗೆ ಸವೆದು ಕನ್ಹೇರಿಯಾಗಿ ಉಳಿದಿದೆ.

1965ರಲ್ಲಿ ಫ್ರಾಂಕ್ ಹರ್ಬರ್ಟ್ ‘ಡ್ಯೂನ್’ ಕಾದಂಬರಿಯಲ್ಲಿ ಅರಾಕಿಸ್ ಎಂಬ ಮರಳುಗಾಡಿನ ಗ್ರಹವನ್ನು ಸೃಷ್ಟಿಸಿದ. ಅಲ್ಲಿನ ಜನ ಬಂಡೆಯ ಗವಿಗಳೊಳಗೆ ಗುಟ್ಟಾಗಿ ನೀರು ಕೂಡಿಡುತ್ತಾರೆ, ಹನಿಹನಿಗೂ ಲೆಕ್ಕ. ಓದಿದಾಗ ಮೈ ಜುಮ್ಮೆಂದಿತ್ತು. ಆದರೆ ಅದಕ್ಕೆ ಬೇರೆ ಗ್ರಹವೇ ಬೇಕಿರಲಿಲ್ಲ, ಬೋರಿವಲಿ ಸಾಕಿತ್ತು.

ಇಲ್ಲಿ ಬೌದ್ಧ ಭಿಕ್ಷುಗಳಿಗೆಂದು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳಿವೆ. ಬಂದವರೆಲ್ಲ 3ನೆಯ ಗುಹೆಯ ಚೈತ್ಯದ ಮುಂದೆ, ಆಳೆತ್ತರ ಮೀರಿದ ಬುದ್ಧನ ಮುಂದೆ ಫೋಟೊ ತೆಗೆದುಕೊಂಡು ಇಳಿದುಹೋಗುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಎರಡನೆಯ ಸಲ ಜಡಿಮಳೆ. ಗುಹೆಯೊಂದರ ಜಗಲಿಯಲ್ಲಿ ಸಿಕ್ಕಿಬಿದ್ದೆ. ಬೇರೇನೂ ಮಾಡಲು ತೋಚದೆ ನೀರು ಹರಿಯುವುದನ್ನೇ ನೋಡುತ್ತ ಕುಳಿತೆ. ಅರ್ಧ ಗಂಟೆಯಲ್ಲಿ ಕಣ್ಣು ತೆರೆಯಿತು!

ಬಂಡೆಯ ಇಳಿಜಾರಿನಲ್ಲಿ ಬೆರಳಗಲದ, ಗೇಣಗಲದ ಕಾಲುವೆಗಳು. ನಾನು ಅವನ್ನು ಬರೀ ಬಿರುಕು ಅಂದುಕೊಂಡಿದ್ದೆ. ಅಲ್ಲ, ಉಳಿಯ ಗುರುತಿದೆ! ಮೇಲಿನಿಂದ ಧಾವಿಸಿ ಬರುವ ನೀರು ಗುಹೆಯ ಬಾಗಿಲಿಗೆ ನುಗ್ಗದಂತೆ ಅವು ಪಕ್ಕಕ್ಕೆ ತಿರುಗಿಸುತ್ತವೆ. ತಿರುಗಿದ ನೀರು ಅಂಗಳದ ಮೂಲೆಯ ಕಿರಿದಾದ ಬಾಯಿಯೊಂದಕ್ಕೆ ಬೀಳುತ್ತದೆ. ಬಗ್ಗಿ ನೋಡಿದರೆ ಬಾಯಿ ಅಷ್ಟೇ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ಬಂಡೆಯಡಿಗೆ ಹಿಗ್ಗಿಕೊಂಡು ಹೋದ ಕತ್ತಲ ಕೋಣೆ. ಯಾಕೆ ಹೀಗೆ? ಬಿಸಿಲು ತಾಗದು, ಆವಿಯಾಗದು, ಎಲೆ ಕಸ ಬೀಳದು, ತಂಪು ಕೆಡದು. ಇಂಥದ್ದು ಒಂದೋ ಎರಡೋ ಅಲ್ಲ, ಹೆಚ್ಚುಕಡಿಮೆ ಮನೆಗೊಂದು ಎನ್ನುವಂತೆ ಗುಹೆ ಗುಹೆಯ ಮುಂದೆ!

ನಮ್ಮ ಕಡೆ ಬೆಟ್ಟದ ಮೇಲಿನ ಇಂಥ ನೀರಿನ ತಾಣಕ್ಕೆ ದೊಣೆ ಎನ್ನುತ್ತೇವೆ. ಇಲ್ಲಿನ ಪ್ರಾಕೃತ ಶಾಸನಗಳಲ್ಲಿ ಅದು ‘ಪೋಢಿ’. ಗುಹೆ ಕೊರೆಸಿಕೊಟ್ಟ ದಾನಿ ಅದರ ಜತೆಗೆ ಪೋಢಿಯನ್ನೂ ಕೊಟ್ಟೆನೆಂದು ಕಲ್ಲಿನಲ್ಲಿ ಬರೆಸುತ್ತಾನೆ. ಕಲ್ಯಾಣ, ಸೋಪಾರಗಳ ವ್ಯಾಪಾರಿಗಳು ಇಂಥ ದಾನಿಗಳು. ಅವೆರಡೂ ಇವತ್ತಿನ ಲೋಕಲ್ ರೈಲಿನ ನಿಲ್ದಾಣಗಳು, ಒಂದು ಕಲ್ಯಾಣ್, ಇನ್ನೊಂದು ನಾಲಾ ಸೋಪಾರಾ.

5ನೆಯ ಗುಹೆಯ ಬಳಿಯ ತೊಟ್ಟಿಯೊಂದರ ಮೇಲಿನ ಬರಹವಂತೂ ನನ್ನನ್ನು ದಂಗುಬಡಿಸಿತು. ಶಾತವಾಹನ ದೊರೆ ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿಯನ್ನು ನೆನೆದು, ಅಮಾತ್ಯ ಸತೇರಕ ಕೊಟ್ಟ ನೀರಿನ ತೊಟ್ಟಿ ಅದು. ರಾಣಿ ಮಹಾಕ್ಷತ್ರಪನ, ಅಂದರೆ ಶಕ ದೊರೆಯ, ಮಗಳು. ತಂದೆಯ ಹೆಸರು ‘ರು’ ಎಂಬಲ್ಲಿಗೆ ಅಳಿಸಿಹೋಗಿದೆ. ರುದ್ರದಾಮನೇ ಇರಬೇಕೆಂದು ವಿದ್ವಾಂಸರ ಅಂಬೋಣ. ಗಿರಿನಾರದ ಬುಡದಲ್ಲಿ ಒಡೆದುಹೋದ ಸುದರ್ಶನ ಕೆರೆಯನ್ನು ಜನರ ಮೇಲೆ ತೆರಿಗೆ ಹೇರದೆ ಕಟ್ಟಿಸಿದೆ ಎಂದು ಕ್ರಿ.ಶ. 150ರ ಹೊತ್ತಿಗೆ ಬಂಡೆಯ ಮೇಲೆ ಬರೆಸಿದವನು ಅವನೇ. ಅಪ್ಪನ ಹೆಸರಲ್ಲಿ ಕೆರೆ, ಮಗಳ ಹೆಸರಲ್ಲಿ ತೊಟ್ಟಿ!

ಭಿಕ್ಷುಗಳಿಗೆ ಮೂಲದಲ್ಲಿ ಮಳೆಗಾಲಕ್ಕಷ್ಟೇ ನೆಲೆ, ಉಳಿದಂತೆ ಅಲೆದಾಟ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ ಸುರಿಯುತ್ತದೆ, ಆಮೇಲೆ ಎಂಟು ತಿಂಗಳು ಒಣಹವೆ. ಆ ಎಂಟು ತಿಂಗಳನ್ನು ದಾಟಿಸಿದ್ದು ಈ ದೊಣೆಗಳು. ನೀರು ನಿಂತದ್ದರಿಂದ ಜನ ನಿಂತರು, ಜನ ನಿಂತದ್ದರಿಂದ ಪಾಠ, ಧ್ಯಾನ, ಶಿಲ್ಪ ಎಲ್ಲವೂ ಸಾವಿರ ವರ್ಷ ನಡೆಯಿತು. ಬುದ್ಧನ ಮೂರ್ತಿಗಿಂತ ಮೊದಲು ಕೈಮುಗಿಯಬೇಕಾದ್ದು ಈ ತೊಟ್ಟಿಗಳಿಗೆ ಎಂದರೆ ಬುದ್ಧನೇನೂ ಬೇಸರಿಸನು.

ಕನ್ನಡಿಗರೇ, ಇನ್ನೊಂದು ಕೇಳಿ. ಶಕವರ್ಷ 765, 775, 799ರ ಮೂರು ಶಾಸನಗಳು ಇಲ್ಲಿವೆ. ಮೂರರಲ್ಲೂ ಇರುವ ಚಕ್ರವರ್ತಿಯ ಹೆಸರು ಅಮೋಘವರ್ಷ! ಕವಿರಾಜಮಾರ್ಗದ ನಮ್ಮ ನೃಪತುಂಗನೇ, ಮಾನ್ಯಖೇಟದ ದೊರೆ. ಅವನ ಕೈಕೆಳಗೆ ಕೊಂಕಣ ಆಳಿದ ಶಿಲಾಹಾರ ಪುಲ್ಲಶಕ್ತಿ ಮತ್ತು ಕಪರ್ದಿಯರ ಕಾಲದ ದಾನಗಳು ಅವು. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಾವು ನಮ್ಮನ್ನು ಹೊರಗಿನವರೆಂದುಕೊಳ್ಳುತ್ತೇವೆ. ಕಲಬುರಗಿ ಸೀಮೆಯ ಮಳಖೇಡದ (ಅದೇ ಮಾನ್ಯಖೇಟ) ದೊರೆಯ ಹೆಸರು ಬೋರಿವಲಿಯ ಬಂಡೆಯ ಮೇಲೆ ಬಂದು ಹನ್ನೊಂದೂವರೆ ಶತಮಾನ ದಾಟಿದೆ.

90ನೆಯ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. ನೋಡಲು ಬಂದ ಪಾರಸಿಗಳು 1009ರಲ್ಲಿ, 1021ರಲ್ಲಿ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ತಿಂಗಳು ಅಕ್ಟೋಬರ್, ನವೆಂಬರ್. ಅಂದರೆ ದೊಣೆಗಳು ತುಂಬಿ ತುಳುಕುವ ಹೊತ್ತು!

ಬ್ರಿಟಿಷರು ಮುಂಬಯಿಯ ದಾಹಕ್ಕೆ ನೀರು ಹುಡುಕಿಕೊಂಡು ಬಂದದ್ದೂ ಇದೇ ಬೆಟ್ಟಸಾಲಿಗೆ. 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆ ಸಿದ್ಧವಾದವು. ಅವು ಇವತ್ತಿಗೂ ನಗರಕ್ಕೆ ನೀರು ಕೊಡುತ್ತಿವೆ.

ಮಳೆ ಹಿಡಿದ ಮೇಲೆ ಹೋಗಿ. ಒಳ್ಳೆಯ ಹಿಡಿತದ ಚಪ್ಪಲಿ ಇರಲಿ, ಪಾಚಿ ಜಾರುತ್ತದೆ. ಮೇಲೆ ನೋಡುವಷ್ಟೇ ಕಾಲಬುಡದಲ್ಲೂ ನೋಡಿ. ಸೋಮವಾರ ಮಾತ್ರ ಬೇಡ, ಅಂದು ಗೇಟು ಮುಚ್ಚಿರುತ್ತದೆ.