ಡಬ್ಬಿಯ ತಳದ ಐವತ್ತು ಪೈಸೆ

ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೆ. ಅರ್ಜಿಯೊಂದರಲ್ಲಿ ‘ತಾಯಿಯ ಉದ್ಯೋಗ’ ಎಂಬ ಕಾಲಂ ಇತ್ತು. ಅಮ್ಮ ಇಪ್ಪತ್ತು ವರ್ಷಗಳಿಂದ ಶಿರಸಿಯ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ನಾನು ‘ಗೃಹಿಣಿ’ ಎಂದು ತುಂಬಿದೆ. ಪಿಯುಸಿಯಿಂದಲೂ ಬರೆಯುತ್ತಿದ್ದದ್ದು ಅದನ್ನೇ. ಕ್ಲಾಸಿನಲ್ಲಿ ಯಾರೋ ಒಮ್ಮೆ ಮೂಗು ಮುಚ್ಚಿಕೊಂಡು ನಕ್ಕಿದ್ದು ಮನಸ್ಸಿನಿಂದ ಹೋಗಿರಲಿಲ್ಲ.

ಅದೇ ವಾರ ಅಮ್ಮನ ಚಿಲ್ಲರೆ ಡಬ್ಬಿ ಎಣಿಸಲು ಕೂತಾಗ ತಳದಲ್ಲಿ ಐವತ್ತು ಪೈಸೆಯ ನಾಣ್ಯವೊಂದು ಸಿಕ್ಕಿತು. ಇಸವಿ 1986. ‘ಫಿಶರೀಸ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ‘ಅದನ್ನ ಯಾರೂ ತಗೊಳ್ಳೂದಿಲ್ಲ, ಹಂಗೇ ಬಿದ್ದದೆ’ ಎಂದಳು ಅಮ್ಮ. ಹುಡುಕಿ ನೋಡಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಹೆಸರಿನಲ್ಲಿ ಭಾರತ ಸರ್ಕಾರ ಹೊರತಂದ ಸ್ಮರಣಾರ್ಥ ನಾಣ್ಯಗಳಲ್ಲಿ ಅದೂ ಒಂದು. ಆ ವರ್ಷದ ವಿಷಯ ಮೀನುಗಾರಿಕೆ. ತಮಾಷೆ ಏನು ಗೊತ್ತೇ? 2011ರ ಜೂನ್ ಕೊನೆಗೆ ರದ್ದಾದದ್ದು 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು ಮಾತ್ರ. ಐವತ್ತು ಪೈಸೆ ಕಾನೂನಿನ ಪ್ರಕಾರ ಈಗಲೂ ನಡೆಯುತ್ತದೆ. ಬೆಲೆ ಇದೆ, ಅಂಗಡಿಯವರು ಮಾತ್ರ ಮುಟ್ಟುವುದಿಲ್ಲ.

ಮೀನಿಗೆ ಚಿನ್ನದ ನಾಣ್ಯದ ಯೋಗ ಬಂದಿದೆಯೇ ಎಂಬ ಕುತೂಹಲ ಹುಟ್ಟಿತು. ಬಂದಿದೆ. ನಮ್ಮ ಕರಾವಳಿಯನ್ನು ಆಳಿದ ಆಳುಪರ ಚಿನ್ನದ ನಾಣ್ಯಗಳಲ್ಲಿ ಜೋಡಿ ಮೀನುಗಳಿವೆ. ಇವರು ಮೊದಲು ಶಿರಸಿ ತಾಲ್ಲೂಕಿನ ಬನವಾಸಿಯ ಕದಂಬರಿಗೆ ಸಾಮಂತರಾಗಿದ್ದವರು. ಆದರೆ ಆ ಮೀನು ರಾಜಲಾಂಛನ, ಬಲೆ ಎಳೆದವರ ನೆನಪಿಗೆ ಹಾಕಿದ್ದಲ್ಲ.

ಬಲೆ ಎಳೆದವರ ಕಸುಬಿಗೆಂದೇ ಟಂಕಿಸಿದ ಚಿನ್ನ ನನಗೆ ಸಿಕ್ಕಿದ್ದು ಕೆನಡಾದಲ್ಲಿ. ದೇಶದ ಹಳೆಯ ವ್ಯಾಪಾರಗಳನ್ನು ನೆನೆಯುವ ಮಾಲಿಕೆಯಲ್ಲಿ ಅಲ್ಲಿನ ಟಂಕಸಾಲೆ 2007ರಲ್ಲಿ ಮೀನುಗಾರಿಕೆಗೆ 200 ಡಾಲರ್ ಮುಖಬೆಲೆಯ ಚಿನ್ನದ ನಾಣ್ಯ ತಂದಿತು. ಅಷ್ಟು ಹೊತ್ತಿಗೆ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನು ಬರಿದಾಗಿತ್ತು. ದೊಡ್ಡ ಟ್ರಾಲರ್‌ಗಳು ದಶಕಗಟ್ಟಲೆ ಮಿತಿಮೀರಿ ಬಾಚಿದ್ದರಿಂದ 1992ರ ಜುಲೈನಲ್ಲಿ ಸರ್ಕಾರವೇ ಅಲ್ಲಿ ಕಾಡ್ ಮೀನುಗಾರಿಕೆ ನಿಲ್ಲಿಸಿತ್ತು. ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡರು. ಕೆಲಸ ಹೋಗಿ ಹದಿನೈದು ವರ್ಷಕ್ಕೆ ಚಿನ್ನ ಬಂತು!

ನಮ್ಮಲ್ಲಿ ಆ ಕೆಲಸ ಇನ್ನೂ ಜೀವಂತವಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಅಡಿಕೆ ತೋಟಗಳ ಊರುಗಳು, ಇಲ್ಲಿ ಸಮುದ್ರವಿಲ್ಲ. ಆದರೂ ಬಂಗಡೆ, ತಾರ್ಲೆ, ಶೆಟ್ಲಿ ಘಟ್ಟ ಹತ್ತಿ ಬರುತ್ತವೆ. ಕುಮಟಾದಿಂದ ದೇವಿಮನೆ ಘಟ್ಟದಲ್ಲಿ ಶಿರಸಿಗೆ, ದೊಡ್ಮನೆ ಘಟ್ಟದಲ್ಲಿ ಸಿದ್ದಾಪುರಕ್ಕೆ, ಅಂಕೋಲಾದಿಂದ ಅರಬೈಲ್ ಘಟ್ಟದಲ್ಲಿ ಯಲ್ಲಾಪುರಕ್ಕೆ. ನಾವು ಏಳುವ ಮೊದಲೇ ಅಮ್ಮ ಐಸ್ ಒಡೆದು ಬುಟ್ಟಿ ತುಂಬಿರುತ್ತಾಳೆ.

ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳಿಗೆ 61 ದಿನ ನಿಷೇಧ. ಮೀನು ಮೊಟ್ಟೆಯಿಡುವ ಕಾಲ. ಆಗ ಅಮ್ಮನ ಬುಟ್ಟಿಯಲ್ಲಿ ಒಣಮೀನು, ಕೈಯಲ್ಲಿ ಕಾಸು ಕಡಿಮೆ. ನನ್ನ ಕಾಲೇಜು ಫೀಸು ಕಟ್ಟಬೇಕಾದದ್ದೂ ಅದೇ ಹೊತ್ತಿಗೆ. ಒಂದು ವರ್ಷವೂ ಅದು ತಪ್ಪಲಿಲ್ಲ. ಕೆನಡಾದ ಕಥೆ ಹೇಳಿದಾಗ ಅಮ್ಮನಿಗೆ ಆಶ್ಚರ್ಯವಾಗಲಿಲ್ಲ. ‘ಎರಡು ತಿಂಗಳು ತಡ್ಕೊಳ್ಳದಿದ್ರೆ ಇಲ್ಲೂ ಅದೇ ಆಗ್ತದೆ’ ಎಂದಳು.

ಪಿಯುಸಿ ವಿಜ್ಞಾನ ಓದುತ್ತಿರುವ ಗೆಳೆಯರಿಗೆ ಒಂದು ಮಾತು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ನಾಲ್ಕು ವರ್ಷದ ಪದವಿ, ಸಿಇಟಿ ಮೂಲಕ ಸೀಟು. ಇಲಾಖೆ, ಸಂಸ್ಕರಣಾ ಘಟಕ, ಸಿಗಡಿ ಕೃಷಿ, ಸಂಶೋಧನೆ ಎಂದು ಮುಂದೆ ದಾರಿಗಳಿವೆ. ಮೀನು ಮಾರುವವಳ ಮಗನಾದ ನನಗೇ ಇದು ತಿಳಿದಿರಲಿಲ್ಲ. ಮೀನಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವನಿಗೆ ತಿಳಿಯುವುದಾದರೂ ಹೇಗೆ?

ಮುಂದಿನ ಅರ್ಜಿಯಲ್ಲಿ ಅದೇ ಕಾಲಂ ಬಂತು. ‘ಮೀನು ವ್ಯಾಪಾರ’ ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ. ‘ಸರಿ, ಫೀಸು ಎಷ್ಟಂತೆ?’ ಎಂದು ಕೇಳಿ ಬುಟ್ಟಿ ಎತ್ತಿಕೊಂಡಳು. ಅಂದು ಮೊದಲ ಬಾರಿಗೆ ಅವಳ ಜತೆ ನಾನೂ ಮಾರುಕಟ್ಟೆಗೆ ನಡೆದೆ.