ಸೀಸೆ ಹಳೆಯದಿರಲಿ, ಮುಚ್ಚಳ ಹೊಸದಿರಲಿ

ಮಲೆನಾಡಿನ ತೋಟದ ಮನೆಗಳಲ್ಲಿ ಅಪ್ಪೆಮಿಡಿ, ನಿಂಬೆ, ಅಮಟೆ ಉಪ್ಪಿನಕಾಯಿ ಹಾಕುವುದು ವಾಡಿಕೆ. ಮನೆಖರ್ಚಿಗೆ ಮಿಕ್ಕಿದ್ದನ್ನು ಮಾರಿದರೆ, ಫಸಲಿಲ್ಲದ ತಿಂಗಳುಗಳಲ್ಲಿ ನಾಲ್ಕು ಕಾಸು ಕೈಸೇರುತ್ತದೆ. ಇದಕ್ಕೆ ಹೊಸ ಸೀಸೆಗಳನ್ನೇ ಕೊಳ್ಳಬೇಕೆಂದಿಲ್ಲ. ಜಾಮ್, ಜೇನುತುಪ್ಪ ಖಾಲಿಯಾದ ಗಾಜಿನ ಸೀಸೆಗಳು ಸಾಕು. ಮುಚ್ಚಳ ಮಾತ್ರ ಹೊಸದೇ ಆಗಬೇಕು.

ಗಾಜು ವಾಸನೆ ಹೀರುವುದಿಲ್ಲ, ಉಪ್ಪು ಹುಳಿಗೆ ಕೆಡುವುದಿಲ್ಲ. ತಗಡಿನ ಮುಚ್ಚಳ ಹಾಗಲ್ಲ. ಅದರೊಳಗಿನ ಮೆತ್ತನೆಯ ಪದರ ಒಮ್ಮೆ ಅದುಮಿದ ಮೇಲೆ ಮತ್ತೆ ಬಿಗಿಯಾಗಿ ಕೂರದು. ಬಣ್ಣ ಗೀರಿದ ಕಡೆ ಉಪ್ಪು ತಾಗಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಸೀಸೆಗಳನ್ನು ಬಾಯಿಯ ಅಳತೆಯಂತೆ ವಿಂಗಡಿಸಿ, ಆ ಅಳತೆಯ ಮುಚ್ಚಳಗಳನ್ನು ತರಿಸಿರಿ.

ಬಾಯಂಚಿನಲ್ಲಿ ಚಕ್ಕೆ ಎದ್ದ, ಸೀಳು ಬಿಟ್ಟ ಸೀಸೆ ಬೇಡ. ಕೀಟನಾಶಕ ತುಂಬಿದ್ದ ಸೀಸೆಯನ್ನು ಎಷ್ಟು ತೊಳೆದರೂ ಬಳಸಕೂಡದು. ಉಳಿದವನ್ನು ಸೋಪಿನಿಂದ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿ ಒಲೆಗೇರಿಸಿರಿ. ಕುದಿ ಬಂದ ಮೇಲೆ 10 ನಿಮಿಷ ಬಿಡಿರಿ. ತಣ್ಣನೆಯ ಸೀಸೆಯನ್ನು ಕುದಿನೀರಿಗೆ ಹಾಕಿದರೆ ಒಡೆದೀತು. ಉಪ್ಪಿನಕಾಯಿಯ ಸೀಸೆಯಲ್ಲಿ ನೀರಿನ ಪಸೆಯೂ ಇರಬಾರದು, ಬೂಷ್ಟು ಹಿಡಿಯುತ್ತದೆ. ಜಾಮ್ ಆದರೆ ಬಿಸಿ ಸೀಸೆಗೆ ಬಿಸಿಯಾಗಿಯೇ ತುಂಬಿರಿ.

ಹಳೆಯ ಚೀಟಿಯನ್ನು ಪೂರ್ತಿ ಕಿತ್ತುಹಾಕಿರಿ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮನೆಯಲ್ಲಿ ತಯಾರಿಸಿ ಮಾರುವವರೂ ನೋಂದಣಿ ಮಾಡಿಸಬೇಕು. ಪದಾರ್ಥಗಳು, ತೂಕ, ತಯಾರಿಸಿದ ದಿನ, ಬಳಸಬಹುದಾದ ಅವಧಿ, ನೋಂದಣಿ ಸಂಖ್ಯೆ, ವಿಳಾಸ ಚೀಟಿಯಲ್ಲಿರಲಿ. ಸೀಸೆಗಳ ಗಾತ್ರ ಬೇರೆಬೇರೆ ಇರುವುದರಿಂದ ತೂಗಿಯೇ ತುಂಬಿರಿ.

ಮುಚ್ಚಳದಲ್ಲಿ ಉಳಿಸುವುದು ಕೆಲವೇ ರೂಪಾಯಿ. ಒಂದು ಸೀಸೆ ಕೆಟ್ಟರೆ ಆ ಗಿರಾಕಿ ಮತ್ತೆ ಬರುವುದಿಲ್ಲ.